ಅಕ್ಕನ ತಾಯಿಹಿಟ್ಟು

ಜನವರಿ ೧೧

ಪುಟ್ಟೀ,

ಲೇಸರ್ ಕಂಡುಹಿಡಿದವನು ನಿನ್ನ ಸೋದರಮಾವ. ಇದು ನಿಮ್ಮ ಪುಸ್ತಕಗಳಲ್ಲಿ ಇಲ್ಲದಿದ್ದರೆ ಅದು ಪುಸ್ತಕ ಬರೆದವರ ತಪ್ಪು. ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರು ಕನ್ನಡಕ ತೆಗೆದಿಟ್ಟು ತೂಕಡಿಸುವಾಗ, ಅದರ ಗಾಜಿನಿಂದ ಬಿಸಿಲನ್ನು ಒಂದು ಚುಕ್ಕಿ ಮಾಡಿ, ಓಡುತ್ತಿದ್ದ ಇರುವೆಯನ್ನು ಇದ್ದಲ್ಲೇ ನಿಲ್ಲಿಸಿದ್ದೆ. ನಿಂತ ಇರುವೆ ಮತ್ತೆ ಓಡಲಿಲ್ಲ ಎಂಬುದು ಬೇರೆ ಮಾತು. ಅಂದು ಮೇಷ್ಟ್ರು ಎದ್ದು ನನ್ನ ಕಿವಿ ಹಿಂಡದಿದ್ದರೆ ಇಂದು ನಿಮ್ಮ ಗೈಡ್ ಮೇಡಂ ನನ್ನ ಹತ್ತಿರ ಟ್ಯೂಷನ್ನಿಗೆ ಬರುತ್ತಿದ್ದರು.

ನಿನ್ನ ಪತ್ರವನ್ನು ಬೇಕರಿಯಲ್ಲಿ ಎಲ್ಲರಿಗೂ ಕೇಳುವಂತೆ ಓದಿದೆ. ಅರ್ಥವಾಗದ ಕಡೆಯಲ್ಲೆಲ್ಲ ದನಿ ಏರಿಸಿದೆ. ಒಂದು ಹನಿ ನೀರಿನಲ್ಲಿ ತೇಲುವ ಒಂದೇ ಒಂದು ಯೀಸ್ಟನ್ನು, ಮುಟ್ಟದೆ, ಬರೀ ಬೆಳಕಿನಿಂದ ಹಿಡಿದು ನಿಲ್ಲಿಸುತ್ತೀಯಂತೆ. ಅದಕ್ಕೆ ಬೆಳಕಿನ ಚಿಮುಟ ಎಂದು ಹೆಸರಂತೆ. ಬ್ರೆಡ್ಡಿಗೆ ಬಂದಿದ್ದ ದರ್ಜಿ, "ಬೆಳಕಿಗೆ ಕೈ ಇರ್ತದಾ?" ಎಂದು ಕೇಳಿದ. "ಇರ್ತದೆ. ನಮ್ಮ ಹುಡುಗಿ ಹೊಲಿದುಕೊಟ್ಟಿದ್ದಾಳೆ" ಎಂದೆ. ಒಲೆಯ ಹಿಂದಿನಿಂದ ನಿನ್ನ ಅತ್ತೆ, "ಮೂವತ್ತು ವರ್ಷ ಹಿಟ್ಟು ನಾದಿದೋರಿಗೆ ಹಿಟ್ಟಿನೊಳಗೆ ಏನಿದೆ ಅಂತ ಗೊತ್ತಿಲ್ಲ, ಲೇಸರ್ ಬಗ್ಗೆ ಭಾಷಣ ಬೇರೆ" ಎಂದಳು. ನಾನು ಫೋನ್ ಬಿಟ್ಟು ಪತ್ರ ಬರೆಯುವುದು ಇದಕ್ಕೇ. ಫೋನಿನಲ್ಲಿ ನಾನು ಒಂದು ಹೇಳಿದರೆ ಅವಳು ಪಕ್ಕದಿಂದ ಎರಡು ಕಳೆಯುತ್ತಾಳೆ.

ಈಗ ವಿಷಯಕ್ಕೆ ಬರುತ್ತೇನೆ. ನೀನು ಕೇಳಿದ ತಾಯಿಹಿಟ್ಟು ಇದರ ಜೊತೆಗೇ ಬರುತ್ತಿದೆ. ಎರಡು ಮುಚ್ಚಳದ ಡಬ್ಬಿ, ಸುತ್ತ ಒದ್ದೆ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ಕು. ಅಂಚೆಯವನಿಗೆ, "ಹಸುಗೂಸು ಇದೆ, ತಲೆಕೆಳಗೆ ಮಾಡಬೇಡ" ಎಂದು ಹೇಳಿದ್ದೇನೆ. ನಿನ್ನ ಮೇಡಮ್ಮಿಗೆ ತಿಳಿಸು, ಇದು ಅಂಗಡಿಯ ಪೊಟ್ಟಣದ ಯೀಸ್ಟಲ್ಲ. ನಿನ್ನ ಅಮ್ಮ ಹಿಟ್ಟು ನೀರು ಕಲಸಿ, ಗಾಳಿಗಿಟ್ಟು, ತಾನಾಗಿ ಹುಳಿ ಬರಿಸಿದ್ದು; ನಮ್ಮ ಬ್ರೆಡ್ಡು ಉಬ್ಬುವುದು ಇದರಿಂದಲೇ. ಮೊದಲು ಹುಟ್ಟಿದ್ದು ಅದು, ಎರಡು ವರ್ಷದ ಮೇಲೆ ನೀನು. ದಿನಾ ಬೆಳಿಗ್ಗೆ ಒಂದು ಹಿಡಿ ಹಿಟ್ಟು, ಅರ್ಧ ಲೋಟ ನೀರು. ಅಕ್ಕ ಹೋಗಿ ಹನ್ನೊಂದು ವರ್ಷವಾಯಿತು. ನಾನು ಒಂದು ಬೆಳಿಗ್ಗೆಯೂ ತಪ್ಪಿಸಿಲ್ಲ. ಇಂಥ ತಮ್ಮ ಜಗತ್ತಿನಲ್ಲಿ ಇನ್ನೊಬ್ಬನಿದ್ದರೆ ಅವನನ್ನೂ ನಿನ್ನ ಬೆಳಕಿನಲ್ಲಿ ಹಿಡಿದು ತೋರಿಸು.

ವಿಜ್ಞಾನಕ್ಕೆ ಹಿರಿಯಣ್ಣನಾದ,
ನಿನ್ನ ಮಾವ


ಫೆಬ್ರವರಿ ೬

ಮಾವ,

ಡಬ್ಬಿ ಕ್ಷೇಮವಾಗಿ ಬಂತು. ಮುಚ್ಚಳ ತೆಗೆದಾಗ ಆ ಹುಳಿ ವಾಸನೆ ಮೂಗಿಗೆ ಬಡಿಯಿತು. ಪಕ್ಕದ ಮೇಜಿನವಳು, "ಅಲರ್ಜಿನಾ? ಕಣ್ಣಲ್ಲಿ ನೀರು ಬರ್ತಿದೆ" ಎಂದಳು. ಹೌದು ಎಂದೆ.

ನಮ್ಮ ಕೋಣೆ ನೆಲಮಾಳಿಗೆಯಲ್ಲಿದೆ. ಮೇಲಿನ ಮಹಡಿಯಲ್ಲಾದರೆ ಬೀದಿಯಲ್ಲಿ ಬಸ್ಸು ಹೋದರೂ ಮೇಜು ನಡುಗುತ್ತದೆ. ಲೇಸರ್ ಎಂದರೆ ನೀನು ಅಂದುಕೊಂಡಿರುವ ಕೆಂಪು ಗೆರೆಯಲ್ಲ. ಇದು ಕಣ್ಣಿಗೆ ಕಾಣುವುದೇ ಇಲ್ಲ. ಸೂಕ್ಷ್ಮದರ್ಶಕದ ಗಾಜು ಅದನ್ನು ಒಂದು ಚುಕ್ಕಿಗೆ ತರುತ್ತದೆ. ನೀರಿನಲ್ಲಿ ಅತ್ತಿತ್ತ ಅಲೆಯುವ ಕೋಶ ಆ ಚುಕ್ಕಿಯ ಹತ್ತಿರ ಬಂದರೆ, ಗೋಲಿ ಬಟ್ಟಲಿನ ತಳಕ್ಕೆ ಉರುಳಿದ ಹಾಗೆ ಅಲ್ಲಿ ಹೋಗಿ ಕೂರುತ್ತದೆ. ಬೆಳಕು ಕಡಿಮೆಯಾದರೆ ಜಾರಿಕೊಳ್ಳುತ್ತದೆ, ಜಾಸ್ತಿಯಾದರೆ ಬಿಸಿಗೆ ಸಾಯುತ್ತದೆ. ಅಷ್ಟು ಹದ ಕಲಿಯಲು ನನಗೆ ಒಂದು ವರ್ಷ ಬೇಕಾಯಿತು.

ಹಿಡಿದ ತಾಯಿಕೋಶದ ಮೈಮೇಲೆ ಒಂದು ಮೊಗ್ಗು ಬರುತ್ತದೆ. ಗಂಟೆ, ಒಂದೂವರೆ ಗಂಟೆಯಲ್ಲಿ ಅದು ಮಗಳಾಗಿ ಬಿಡಿಸಿಕೊಳ್ಳುತ್ತದೆ. ನಾವು ಸಣ್ಣಗೆ ನೀರು ಹರಿಸಿ ಮಗಳನ್ನು ಸಾಗಹಾಕುತ್ತೇವೆ. ತಾಯಿ ಮಾತ್ರ ಬೆಳಕಿನಲ್ಲಿ ಉಳಿಯುತ್ತದೆ. ಒಂದೊಂದು ಹೆರಿಗೆಗೂ ಅದರ ಮೈಮೇಲೆ ಒಂದು ಉಂಗುರದಂಥ ಕಲೆ ಉಳಿಯುತ್ತದೆ. ಇಪ್ಪತ್ತು ಇಪ್ಪತ್ತೈದು ಆದಮೇಲೆ ನಿಲ್ಲುತ್ತದೆ. ಮನೆಗಳಲ್ಲಿ ಕೈಯಾರೆ ಸಾಕಿದ ಯೀಸ್ಟು, ಪೊಟ್ಟಣದ ಯೀಸ್ಟಿಗಿಂತ ಹೆಚ್ಚು ಕಾಲ ಹೆರುತ್ತದೆಯೇ ಎಂಬುದು ನನ್ನ ಪ್ರಶ್ನೆ. ಎಂಟು ಮನೆಯ ಹಿಟ್ಟು ತರಿಸಿದ್ದೇನೆ. ಹೋಲಿಸಿ ನೋಡಲು ಪೊಟ್ಟಣದ್ದೂ ಅದೇ ಮೇಜಿನ ಮೇಲಿದೆ.

ನಿನ್ನೆ ಅಮ್ಮನ ಹಿಟ್ಟಿನ ಒಂದು ಕೋಶ ಆರು ಗಂಟೆ ನನ್ನೆದುರು ಕೂತಿತ್ತು. ನಾಲ್ಕು ಮಕ್ಕಳನ್ನು ಕಳಿಸಿಕೊಟ್ಟಿತು. ನಾನು ಊಟಕ್ಕೂ ಏಳಲಿಲ್ಲ. ಅಮ್ಮ ಕೈಯಾರೆ ಉಣಿಸಿ ಬೆಳೆಸಿದ್ದರಲ್ಲಿ ಇನ್ನೂ ಜೀವ ಇರುವುದು ಎರಡೇ ಅನ್ನಿಸಿತು, ಇದು ಮತ್ತು ನಾನು.

ಅತ್ತೆಗೆ ನಮಸ್ಕಾರ ತಿಳಿಸು.

ನಿನ್ನ ಪುಟ್ಟಿ


ಫೆಬ್ರವರಿ ೨೧

ಪುಟ್ಟೀ,

ಈ ಸಲದ ನಿನ್ನ ಪತ್ರವನ್ನು ಅಂಗಡಿಯಲ್ಲಿ ಓದಲಿಲ್ಲ. ಗಿರಾಕಿಗಳು ಜಾಸ್ತಿ ಇದ್ದರು.

ಒಂದು ಮಾತು. ನಿಮ್ಮ ಆ ಯಂತ್ರಕ್ಕೆ ಒಂದು ಯೀಸ್ಟಿನ ಮುಖ ನೋಡಿ, ಇದು ಇಂಥವರ ಮನೆಯದು ಎಂದು ಹೇಳಲು ಬರುತ್ತದೆಯೇ? ಸುಮ್ಮನೆ ಕೇಳಿದೆ. ದರ್ಜಿ ವಿಚಾರಿಸುತ್ತಿದ್ದ.

ಎಂಟು ಮನೆಯ ಹಿಟ್ಟು ಎಂದು ಬರೆದಿದ್ದೀಯ. ಏಳು ಸಾಲುವುದಿಲ್ಲವೇ? ಮನೆಯವರದೇ ಹಿಟ್ಟು ಇಟ್ಟುಕೊಂಡರೆ ನಾಳೆ ಯಾರಾದರೂ, ತನ್ನ ಅಮ್ಮನದಕ್ಕೆ ಹೆಚ್ಚು ಮಾರ್ಕು ಕೊಟ್ಟಳು ಎಂದು ಆಡಿಕೊಂಡಾರು. ಲೋಕ ಕಂಡವನ ಬುದ್ಧಿಮಾತು, ಹೇಳಿದ್ದೇನೆ. ನಮ್ಮದನ್ನು ಒಂದು ಗಾಜಿನ ಬೀರುವಿನಲ್ಲಿ ಪ್ರದರ್ಶನಕ್ಕೆ ಇಟ್ಟುಬಿಡು.

ಹೊತ್ತು ಹೊತ್ತಿಗೆ ಊಟ ಮಾಡು. ಅದು ಹೆತ್ತುಕೊಂಡಿರಲಿ, ನೀನು ಏಳು.

ನಿನ್ನ ಮಾವ


ಏಪ್ರಿಲ್ ೩

ಮಾವ,

ಎಂಟು ಹಿಟ್ಟಿಗೂ ವಂಶದ ಪರೀಕ್ಷೆ ಮಾಡಿಸಿದೆವು. ಏಳು ಮನೆಯವು ಏಳು ಬೇರೆ ಬೇರೆ ಜಾತಿ, ಒಂದಕ್ಕೊಂದು ಸಂಬಂಧವಿಲ್ಲ. ಅಮ್ಮನದು ಪೊಟ್ಟಣದ ಯೀಸ್ಟ್ ಎಂದು ಬಂತು. ಅದರ ಹಾಗಿದೆ ಎಂದಲ್ಲ. ಅದೇ.

ಮೇಡಂ ಬಾಗಿಲು ಹಾಕಿ ಕೂರಿಸಿಕೊಂಡರು. "ಪೊಟ್ಟಣದ್ದೂ ನಿನ್ನ ಮೇಜಿನ ಮೇಲೇ ಇತ್ತು. ನಿನ್ನ ಕೈಯಿಂದ ಎಲ್ಲೋ ಬೆರೆತಿದೆ. ಒಂದು ಬೆರೆತಿದ್ದರೆ ಮಿಕ್ಕ ಏಳನ್ನ ನಾನು ಹೇಗಮ್ಮಾ ನಂಬಲಿ?" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎರಡು ವರ್ಷದ ಲೆಕ್ಕ ಪೂರ್ತಿ ಅನುಮಾನಕ್ಕೆ ಬಿದ್ದಿದೆ. ನೀನು ಕಳಿಸಿದ್ದನ್ನೆಲ್ಲ ಬಳಸಿ ಮುಗಿಸಿದ್ದೇನೆ. ಇನ್ನೊಂದು ಡಬ್ಬಿ ಬಂದರೆ ಮೇಡಂ ತಾವೇ ಒಡೆದು ನೋಡುತ್ತಾರಂತೆ. ಬೇಗ ಕಳಿಸು.

ಮತ್ತೆ, ತಮಾಷೆ ಬಿಟ್ಟು ಒಂದು ಸಾಲು ಬರಿ. ಅದು ಅಮ್ಮನ ಹಿಟ್ಟೇ ತಾನೇ? ಪೊಟ್ಟಣದ್ದನ್ನು ಯಾವತ್ತಾದರೂ ಸೇರಿಸಿದ್ದೆಯಾ? ಹೌದು ಎಂದರೂ ನನಗೆ ಕೋಪ ಬರುವುದಿಲ್ಲ. ನನ್ನ ಕೈ ಸರಿಯಾಗಿದೆ ಎಂದು ತಿಳಿದರೆ ಸಾಕು.

ಪುಟ್ಟಿ


ಏಪ್ರಿಲ್ ೨೨

ಪುಟ್ಟೀ,

ತಡವಾಯಿತು. ಬಲಗೈಗೆ ನೋವು.

ಸೇರಿಸುವುದೇ? ನಾನೇ? ಪೊಟ್ಟಣದ ಯೀಸ್ಟು ನಮ್ಮ ಹೊಸಿಲು ದಾಟಿಲ್ಲ. ಅದು ನಿನ್ನ ಅಮ್ಮನದೇ, ನೂರಕ್ಕೆ ನೂರು. ಬೇಕಾದರೆ ನಿನ್ನ ಮೇಡಂ ಎದುರು ನಿಂತು ಎದೆ ತಟ್ಟಿ ಹೇಳುತ್ತೇನೆ. ದೊಡ್ಡ ದೊಡ್ಡ ಯಂತ್ರಗಳೂ ತಪ್ಪುತ್ತವೆ. ನಮ್ಮ ಬೀದಿಯ ತೂಕದ ಯಂತ್ರದ ಮೇಲೆ ನಿಂತು ನೋಡಿದರೆ ನಿನ್ನ ಅತ್ತೆ ಇಪ್ಪತ್ತು ಕಿಲೋ.

ಇನ್ನೊಂದು ಡಬ್ಬಿ ಕಳಿಸೋಣವೆಂದರೆ ಹೋದ ವಾರ ಬೆಕ್ಕು ಜಾಡಿಯನ್ನು ಕೆಡವಿ ಒಡೆದುಹಾಕಿತು. ಗಾಜಿನ ಚೂರೆಲ್ಲ ಹಿಟ್ಟಿನಲ್ಲಿ ಸೇರಿತ್ತು. ಎಸೆಯದೆ ಬೇರೆ ದಾರಿ ಇರಲಿಲ್ಲ. ಎರಡು ದಿನ ಅನ್ನ ಸೇರಲಿಲ್ಲ.

ಧೈರ್ಯವಾಗಿರು. ನೀನು ನನ್ನ ಸೊಸೆ.

ಮಾವ


ಜೂನ್ ೧೯

ಮಾವ,

ನಿನ್ನ ಪತ್ರ ಬಂದ ಮೇಲೆ ಒಂದು ತಿಂಗಳು ಹುಡುಕಿದೆ. ಪ್ರತಿ ಹನಿ, ಪ್ರತಿ ನಳಿಗೆ, ಪ್ರತಿ ದಿನದ ಟಿಪ್ಪಣಿ. ಎಲ್ಲಿ ಬೆರೆಯಿತು ಎಂದು ಸಿಗಲೇ ಇಲ್ಲ. "ನಿಮ್ಮ ಮಾವನೇ ಏನಾದರೂ…" ಎಂದು ಮೇಡಂ ಒಂದು ಸಲ ಶುರು ಮಾಡಿದರು. ನಾನು ಮುಗಿಸಲು ಬಿಡಲಿಲ್ಲ. "ನಮ್ಮ ಮಾವ ಬಡಾಯಿ ಕೊಚ್ಚುತ್ತಾನೆ, ಸುಳ್ಳು ಹೇಳುವುದಿಲ್ಲ" ಎಂದೆ. ಮಾದರಿಗಳು ನನ್ನ ಕೈಯಿಂದಲೇ ಕೆಟ್ಟಿವೆ ಎಂದು ಬರೆದು ಸಹಿ ಮಾಡಿಕೊಟ್ಟೆ.

ನಿಯಮದ ಪ್ರಕಾರ ಎಂಟು ಮನೆಯದನ್ನೂ ಹಬೆಯಲ್ಲಿ ಬೇಯಿಸಿ ಎಸೆಯಬೇಕಾಯಿತು. ನಾನೇ ಗುಂಡಿ ಒತ್ತಿದೆ. ಲೇಸರ್ ಮೇಜನ್ನು ಬೇರೆಯವರಿಗೆ ಕೊಟ್ಟಿದ್ದಾರೆ. ಈಗ ನಾನು ಅವರ ಗಾಜಿನ ಪಟ್ಟಿಗಳನ್ನು ತೊಳೆಯುತ್ತೇನೆ. ಜುಲೈ ಇಪ್ಪತ್ತೆಂಟಕ್ಕೆ ಸಮಿತಿ ಸೇರುತ್ತದೆ. ನಾನು ಮುಂದುವರಿಯಬೇಕೋ ಬಿಟ್ಟು ಹೋಗಬೇಕೋ ಅಂದು ಹೇಳುತ್ತಾರೆ.

ಜಾಡಿ ಒಡೆದದ್ದಕ್ಕೆ ನೀನು ನೊಂದುಕೊಳ್ಳಬೇಡ. ನೀನು ಹನ್ನೊಂದು ವರ್ಷ ಕಾಪಾಡಿದೆ. ನನ್ನ ಕೈಯಲ್ಲಿ ನಾಲ್ಕು ತಿಂಗಳೂ ಶುದ್ಧವಾಗಿ ಉಳಿಯಲಿಲ್ಲ.

ಪುಟ್ಟಿ


ಜುಲೈ ೨

ಪುಟ್ಟೀ,

ನಿನ್ನ ಪತ್ರವನ್ನು ನಿನ್ನ ಅತ್ತೆಯ ಕೈಗೆ ಕೊಟ್ಟೆ. ಅವಳು ಓದಿ, ಮಡಿಸಿ, ನನ್ನ ಮುಂದೆ ಇಟ್ಟು, "ನೀವು ಬರೀತೀರೋ, ನಾನು ಬರೀಲೋ?" ಎಂದಳು. ಬರೆಯುತ್ತಿದ್ದೇನೆ.

ಬೆಕ್ಕು ಏನೂ ಒಡೆದಿಲ್ಲ. ನಮ್ಮಲ್ಲಿ ಬೆಕ್ಕೇ ಇಲ್ಲ. ಜಾಡಿ ಅದರ ಜಾಗದಲ್ಲೇ ಇದೆ. ಅದರೊಳಗೆ ಇರುವುದು, ನಿನಗೆ ಕಳಿಸಿದ್ದು, ನಾನು ಆರು ವರ್ಷದ ಹಿಂದೆ ಪೊಟ್ಟಣದಿಂದ ಹಾಕಿದ್ದು. ನಿನ್ನ ಯಂತ್ರವೂ ಸರಿ, ನಿನ್ನ ಕೈಯೂ ಸರಿ. ಅಕ್ಕನ ಹಿಟ್ಟು ಆರು ವರ್ಷದ ಹಿಂದೆಯೇ ಸತ್ತಿತು.

ನಡೆದದ್ದು ಇಷ್ಟು. ಮೇಲಿನ ಬೀದಿಯಲ್ಲಿ ಬೇಕರಿ ಇಟ್ಟವನು ಗೊತ್ತಲ್ಲ, ನಾವು ರಸ್ಕು ಎಂದು ಕರೆಯುವವನು; ಅವನ ಮಾತೂ ಅವನ ಸರಕಿನಷ್ಟೇ ಒಣಕಲು. ಅವನು ಊರ ಮುಂದೆ, "ಅಕ್ಕನ ಕೈ ಹೋಯ್ತು, ಹಿಟ್ಟಿನ ಕಸುವೂ ಹೋಯ್ತು" ಎಂದು ಕೆಣಕಿದ. ನನಗೆ ರೋಷ ಬಂತು. ಬೇಕರಿಯವರಲ್ಲಿ ಒಂದು ಪಂದ್ಯವಿದೆ: ಇಬ್ಬರ ತಾಯಿಹಿಟ್ಟನ್ನೂ ಜಾಡಿಯಲ್ಲಿಟ್ಟು, ಹೊರಗೆ ಒಂದೇ ಎತ್ತರಕ್ಕೆ ದಾರ ಕಟ್ಟುವುದು. ಗೊತ್ತುಮಾಡಿದ ಗಂಟೆ ಹೊಡೆದಾಗ ಯಾರ ಹಿಟ್ಟು ದಾರದ ಮೇಲಿರುತ್ತದೋ ಅವರು ಗೆದ್ದ ಹಾಗೆ. ಐವತ್ತು ಸಾವಿರದ ಪಂದ್ಯ. ಇಡೀ ಪೇಟೆ ನೆರೆದಿತ್ತು. ಬೇಗ ಉಬ್ಬಲಿ ಎಂದು ನಾನು ನನ್ನ ಜಾಡಿಯನ್ನು ಒಲೆಯ ನೆತ್ತಿಯ ಮೇಲಿಟ್ಟೆ. ಉಬ್ಬಿತು ನೋಡು, ಇಪ್ಪತ್ತೇ ನಿಮಿಷಕ್ಕೆ ದಾರ ದಾಟಿತು! ಆಮೇಲೆ ಕುಸಿಯಿತು. ಮರುದಿನ ಹಿಟ್ಟು ನೀರು ಹಾಕಿದೆ, ಅಲುಗಲಿಲ್ಲ. ಒಂದು ವಾರ ಹಾಕಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಕೆಟ್ಟರೆ ಮತ್ತೆ ಬೆಳೆಸಲೆಂದು ಪಕ್ಕಕ್ಕೆ ಒಂದು ಚಮಚ ಎತ್ತಿಟ್ಟಿರುವುದು ನಮ್ಮ ಕಸುಬಿನ ನಿಯಮ. ಅದೂ ಆ ಗದ್ದಲದಲ್ಲಿ ಎಲ್ಲೋ ಕೈತಪ್ಪಿ ಹೋಯಿತು.

ನೀನು ಆಗ ಓದಲು ಹೊರಡುವುದರಲ್ಲಿದ್ದೆ. ಹೊರಡುವ ದಿನ ಜಾಡಿ ತೆರೆದು ಮೂಸಿ ನೋಡಿ ಹೋದೆ. ಆಗಲೇ ಅದರಲ್ಲಿ ಇದ್ದದ್ದು ಪೊಟ್ಟಣದ್ದು. ಅಂದು ಹೇಳಬಹುದಿತ್ತು. ಆಮೇಲೆ ಪ್ರತಿ ಸಲ ನೀನು ರಜೆಗೆ ಬಂದಾಗಲೂ ಹೇಳಬಹುದಿತ್ತು.

ಮೇಡಮ್ಮಿಗೆ ಈ ಪತ್ರ ತೋರಿಸು.

ನಿನ್ನ ಮಾವ


ಜುಲೈ ೧೧

ಮಾವ,

ನಿಮ್ಮ ಪತ್ರ ತಲುಪಿತು. ಮೇಡಮ್ಮಿಗೆ ತೋರಿಸಿದೆ. ಅವರು ಓದಿ, "ಇದು ಕಥೆ ಇದ್ದ ಹಾಗಿದೆ, ಹೇಳಿಕೆ ಅಲ್ಲ" ಎಂದರು. ಸಮಿತಿಯ ಮುಂದೆ ಇಡಲು ನೇರವಾದ ಹೇಳಿಕೆ ಬೇಕು. ಜಾಡಿಯನ್ನು ಮೊಹರು ಮಾಡಿ ಕಳಿಸಿ, ಅವರೇ ಒಡೆಯುತ್ತಾರೆ. ನನ್ನ ಹೆಸರಿನ ಮೇಲಿರುವ ಮಾತು ಅದರಿಂದ ಅಳಿಸಬಹುದು. ಬೇಯಿಸಿ ಎಸೆದದ್ದು ವಾಪಸು ಬರುವುದಿಲ್ಲ. ಆ ಏಳು ಮನೆಗಳಲ್ಲಿ ಎರಡು ಮನೆಯ ಅಜ್ಜಿಯರು ಈಗಿಲ್ಲ, ಅವರ ಹಿಟ್ಟೂ ಇಲ್ಲ.

ಅತ್ತೆ ಫೋನ್ ಮಾಡಿದ್ದರು. ನಿಮ್ಮ ಮನೆಯಲ್ಲಿ ಐವತ್ತು ಸಾವಿರ ಒಟ್ಟಿಗೆ ಇದ್ದದ್ದನ್ನು ಯಾವತ್ತೂ ಕಂಡಿಲ್ಲ ಎಂದರು. ದಯವಿಟ್ಟು ನಡೆದದ್ದನ್ನು ನಡೆದ ಹಾಗೇ ಬರೆಯಿರಿ. ಎಲ್ಲವನ್ನೂ. ಸಮಿತಿಗಾಗಿ ಮಾತ್ರ ಅಲ್ಲ. ನಾನು ಆರು ಗಂಟೆ ಅದರ ಮುಂದೆ ಕೂತಿದ್ದೆ.

ಇಂತಿ,
ನಿಮ್ಮ ಅಕ್ಕನ ಮಗಳು


ಜುಲೈ ೧೬

ಪುಟ್ಟೀ,

ಜಾಡಿ ಕಳಿಸಿದ್ದೇನೆ. ಅಂಚೆ ಕಚೇರಿಯಲ್ಲೇ ಅರಗು ಹಾಕಿಸಿ, ಅಲ್ಲಿನ ಗುಮಾಸ್ತೆಯ ಸಹಿಯನ್ನೂ ಪಡೆದಿದ್ದೇನೆ. ಹೇಳಿಕೆ ಈ ಕೆಳಗಿದೆ. ನಿನ್ನ ಅತ್ತೆ ಪಕ್ಕದಲ್ಲಿ ಕೂತಿದ್ದಾಳೆ. ಈ ಸಲ ಏನನ್ನೂ ಕಳೆಯುವ ಕೆಲಸ ಅವಳಿಗೆ ಬಿದ್ದಿಲ್ಲ.

ನನ್ನ ಸೊಸೆ ನನ್ನಿಂದ ತರಿಸಿಕೊಂಡ ಹಿಟ್ಟಿನಲ್ಲಿದ್ದದ್ದು ಪೊಟ್ಟಣದ ಯೀಸ್ಟ್. ಅದು ನನಗೆ ಗೊತ್ತಿತ್ತು. ಕಳಿಸುವಾಗಲೂ ಗೊತ್ತಿತ್ತು, ಅವಳು ಏಪ್ರಿಲಿನಲ್ಲಿ ಕೇಳಿದಾಗಲೂ ಗೊತ್ತಿತ್ತು. ಬೆರೆತದ್ದು ಅವಳ ಕೈಯಿಂದಲ್ಲ.

ರಸ್ಕು ನನ್ನನ್ನು ಕೆಣಕಲಿಲ್ಲ. ಅಕ್ಕನ ವಿಚಾರವಾಗಿ ಅವನು ಯಾವತ್ತೂ ಒಂದು ಹಗುರ ಮಾತು ಆಡಿದವನಲ್ಲ. ಅವಳು ಹೋದ ದಿನ ಅಂಗಡಿ ಮುಚ್ಚಿ ಬಂದಿದ್ದ. ಕೆಣಕಿದವನು ನಾನು. ಅವನ ಅಂಗಡಿಗೆ ಹೋಗಿ, "ನಿನ್ನ ಹಿಟ್ಟಿಗೆ ಜೀವ ಇದೆಯೇನೋ, ಇಲ್ಲಾ ಅದೂ ನಿನ್ನ ಹಾಗೇ ಒಣಗಿದೆಯೋ?" ಎಂದೆ. ಅವನು, "ಬಿಡಯ್ಯಾ, ಕೆಲಸ ಇದೆ" ಎಂದ. ನಾನು ಬಿಡಲಿಲ್ಲ.

ಪೇಟೆ ನೆರೆದಿರಲಿಲ್ಲ. ನಾನು, ರಸ್ಕು, ಬ್ರೆಡ್ಡಿಗೆ ಬಂದಿದ್ದ ದರ್ಜಿ. ಮೂರೇ ಜನ.

ಚಮಚದಷ್ಟು ಹಿಟ್ಟು ಕೈತಪ್ಪಲಿಲ್ಲ. ಅದನ್ನು ಅಕ್ಕನ ನಿಯಮದಂತೆ ಪುಟ್ಟ ಬಟ್ಟಲಿನಲ್ಲಿ ಎತ್ತಿಟ್ಟಿದ್ದೆ. ಜಾಡಿ ಇನ್ನಷ್ಟು ತುಂಬಿ ಕಾಣಲಿ ಎಂದು ಆ ಬಟ್ಟಲನ್ನೂ ನಾನೇ ಅದರೊಳಗೆ ಸುರಿದೆ. ಬೆರಳಿನಿಂದ ಬಳಿದು ಹಾಕಿದೆ.

ಒಲೆಯ ಮೇಲಿಟ್ಟದ್ದು ತಿಳಿಯದೆ ಅಲ್ಲ. ಮುಟ್ಟಿದರೆ ಕೈ ಸುಡುತ್ತಿತ್ತು. ರಸ್ಕು ಎರಡು ಸಲ, "ಇಳಿಸು ಮಾರಾಯಾ, ಬೆಂದುಹೋಗ್ತದೆ, ನಿಮ್ಮಕ್ಕಂದು ಅದು" ಎಂದ. "ಸೋಲ್ತೀಯ ಅಂತ ಹೆದರಿದೆಯಾ?" ಎಂದು ನಾನು ನಕ್ಕೆ. ಹಿಟ್ಟು ದಾರ ದಾಟಿದಾಗ ಕುಣಿದೆ. ಗಂಟೆ ಹೊಡೆಯುವ ಹೊತ್ತಿಗೆ ಅದು ತಳಕ್ಕೆ ಇಳಿದಿತ್ತು, ಅಂಚೆಲ್ಲ ಬೆಂದು ಬೆಳ್ಳಗಾಗಿತ್ತು. ರಸ್ಕು ತನ್ನ ಜಾಡಿ ಎತ್ತಿಕೊಂಡು ಹೋದ. ನಾನು ಅವನ ಹಿಂದೆ ಓಡಿ, ಕೊಡಬೇಕಾದ್ದನ್ನು ಅವನ ಜೇಬಿಗೆ ತುರುಕಿ, "ನಮ್ಮಂಥವರು ಸಾಲ ಇಟ್ಟುಕೊಳ್ಳೋದಿಲ್ಲ" ಎಂದೆ.

ಆಮೇಲೆ ಆರು ವರ್ಷ ದಿನಾ ಬೆಳಿಗ್ಗೆ ಆ ಪೊಟ್ಟಣದ್ದಕ್ಕೆ ಹಿಟ್ಟು ನೀರು ಹಾಕಿದ್ದೇನೆ. ಒಂದು ದಿನ ತಪ್ಪಿಸಿಲ್ಲ ಎಂದದ್ದು ಆ ಮಟ್ಟಿಗೆ ನಿಜ. ಅದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ಇನ್ನು ಪಂದ್ಯದ ಹಣ. ಐವತ್ತು ಸಾವಿರ ಎಂದು ಬರೆದದ್ದೇಕೆಂದರೆ, ಅಷ್ಟು ದೊಡ್ಡದಕ್ಕೆ ಆಸೆ ಬಿದ್ದು ಕಳೆದ ಎಂದಾದರೂ ನೀನು ತಿಳಿದುಕೊಳ್ಳಲಿ ಎಂದು. ಐವತ್ತು ಸಾವಿರ ಅಲ್ಲ, ಐದು ಸಾವಿರ ಅಲ್ಲ, ಐನೂರೂ ಅಲ್ಲ. ನಿನ್ನ ಅಮ್ಮನ ಹಿಟ್ಟನ್ನು ನಾನು ಒಲೆಯ ಮೇಲಿಟ್ಟು ಸೋತದ್ದು ಇಪ್ಪತ್ತು. ಹತ್ತರ ಎರಡು ನೋಟು.

ನಿನ್ನ ಮಾವ